ಒಂದೇ ವರದಿ, ಎರಡು ದೋಷ: ಸೊಪ್ಪಿನಲ್ಲಿ ಭಾರಲೋಹ ಕಂಡಾಗ ಬೇರಿನಿಂದ ಹುಡುಕುವ ಬಗೆ

ಹುಬ್ಬಳ್ಳಿಯ ಅಂಚಿನಲ್ಲಿ ನಮ್ಮ ಕಾಕಾನ ಎರಡು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ ಇದೆ. ಪಾಲಕ, ಮೆಂತ್ಯೆ, ಕೊತ್ತಂಬರಿ, ಪುಂಡಿಪಲ್ಯೆ ಬೆಳೆಯುತ್ತಾರೆ. ಬದುವಿನ ಆಚೆ ನಾಲಾ ಹರಿಯುತ್ತದೆ. ಊರಿನ ಕೊಳಚೆಯನ್ನೂ ಹೊತ್ತು ಬರುವ ಆ ನೀರನ್ನೇ ಪಂಪ್ ಹಚ್ಚಿ ಹೊಲಕ್ಕೆ ಹಾಯಿಸುತ್ತಾರೆ. ಈ ಊರಿನ ಸುತ್ತ ಇದು ಹೊಸದೇನಲ್ಲ. ಬಿಡನಾಳ, ಗಬ್ಬೂರು ಕಡೆ ನಾಲಾ ನೀರಿನ ತರಕಾರಿ ಬೇಸಾಯ ಬಹಳ ವರ್ಷಗಳಿಂದ ಇದೆ. ಬೇಸಿಗೆಯಲ್ಲೂ ನಿಲ್ಲದ ನೀರು, ಅದರಲ್ಲೇ ಸಾರಜನಕ. ರೈತರು ಬೇಡ ಅನ್ನುವುದಾದರೂ ಹೇಗೆ?

ಎರಡು ವರ್ಷದ ಹಿಂದೆ ಒಬ್ಬ ಖರೀದಿದಾರರು ಕಾಕಾನ ಪಾಲಕವನ್ನು ಪರೀಕ್ಷೆಗೆ ಕಳಿಸಿದರು. ಸೀಸ ಮತ್ತು ಕ್ಯಾಡ್ಮಿಯಂ ಎರಡೂ ಮಿತಿ ದಾಟಿವೆ ಅಂತ ವರದಿ ಬಂತು. ನಾವು ಗಾಬರಿಯಾಗಿ ಮಣ್ಣು ಪರೀಕ್ಷೆ ಮಾಡಿಸಿದೆವು. ಮಣ್ಣಿನ ವರದಿಯಲ್ಲಿ ಎಲ್ಲವೂ ಸಾಮಾನ್ಯ. ಕಾಕಾ ಎರಡೂ ಕಾಗದ ಎದುರಿಗೆ ಇಟ್ಟುಕೊಂಡು ಕೇಳಿದರು: "ಮಣ್ಣಾಗ ಇಲ್ಲಂದ್ರ ಎಲಿಯಾಗ ಎಲ್ಲಿಂದ ಬಂತೋ ತಮ್ಮಾ?"

ಉತ್ತರ ಹುಡುಕಲು ಒಂದು ವರ್ಷ ಹಿಡಿಯಿತು. ಕೊನೆಗೆ ಗೊತ್ತಾಗಿದ್ದು ಇಷ್ಟು. ಅಲ್ಲಿ ಇದ್ದದ್ದು ಎರಡು ಬೇರೆ ಬೇರೆ ದೋಷಗಳು. ಸೀಸ ಎಲೆಯ ಮೇಲಿನಿಂದ ಬಂದಿತ್ತು. ಕ್ಯಾಡ್ಮಿಯಂ ಬೇರಿನಿಂದ ಬಂದಿತ್ತು. ಎರಡಕ್ಕೂ ಒಂದೇ ಔಷಧ ಹುಡುಕುತ್ತಾ ಕೂತಿದ್ದರೆ ಇವತ್ತಿಗೂ ಅಲ್ಲೇ ಇರುತ್ತಿದ್ದೆವು. ಅದೇ ತಾಪತ್ರಯದಲ್ಲಿ ಇರುವವರಿಗೆ ದಾರಿ ಸಿಗಲಿ ಅಂತ, ಹುಡುಕಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ವರದಿಯನ್ನೇ ಅನುಮಾನಿಸಿ

ವರದಿ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ಅಂಕಿಯನ್ನಲ್ಲ, ಅದು ಹಸಿ ತೂಕದ ಅಂಕಿಯೋ ಒಣ ತೂಕದ ಅಂಕಿಯೋ ಅನ್ನುವುದನ್ನು. ಸೊಪ್ಪಿಗೆ ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕೆಜಿಗೆ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ಮಿಲಿಗ್ರಾಂ. ಇದು ಹಸಿ ತೂಕಕ್ಕೆ. ಆದರೆ ಹಲವು ಪ್ರಯೋಗಾಲಯಗಳು ಎಲೆಯನ್ನು ಒಣಗಿಸಿ, ಪುಡಿ ಮಾಡಿ ಅಳೆದು, ಆ ಅಂಕಿಯನ್ನೇ ಬರೆದು ಕೊಡುತ್ತವೆ. ಪಾಲಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಒಣ ತೂಕದಲ್ಲಿ ಕ್ಯಾಡ್ಮಿಯಂ 2.4 ಅಂತ ಇದೆ, ಎಲೆಯಲ್ಲಿ ನೀರು ಶೇ. 92 ಇದೆ ಅಂದುಕೊಳ್ಳಿ. 2.4 ಅನ್ನು 0.08ರಿಂದ ಗುಣಿಸಿದರೆ ಹಸಿ ತೂಕಕ್ಕೆ 0.19 ಬರುತ್ತದೆ. ಅಂದರೆ ಮಿತಿಯ ಒಳಗೆ. ಮಿತಿಗಿಂತ ಹನ್ನೆರಡು ಪಟ್ಟು ಅಂತ ಹೆದರಿದ್ದು ಸುಮ್ನೆ ಆಗುತ್ತದೆ. ಕಾಕಾನ ವರದಿ ಹಸಿ ತೂಕದ್ದೇ ಆಗಿತ್ತು. ಹಾಗಾಗಿ ನಮಗೆ ಈ ಸಮಾಧಾನ ಸಿಗಲಿಲ್ಲ.

ಯಂತ್ರ ಎಷ್ಟು ಕಡಿಮೆ ಪ್ರಮಾಣವನ್ನು ಹಿಡಿಯುತ್ತದೆ ಅಂತಲೂ ಕೇಳಿ. 0.2ರ ಮಿತಿಯನ್ನು ನೋಡಲು ಹೊರಟವರಿಗೆ 0.5ಕ್ಕಿಂತ ಕೆಳಗೆ ಕಾಣದ ಯಂತ್ರದಿಂದ ಏನು ಪ್ರಯೋಜನ? ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯವಾದರೆ ಈ ವಿವರ ಕೇಳಿದ ತಕ್ಷಣ ಕೊಡುತ್ತಾರೆ.

ಇನ್ನೊಂದು ಮಾತು. ನಮ್ಮ ಬಹಳ ರೈತರ ಕೈಯಲ್ಲಿ ಮಣ್ಣು ಆರೋಗ್ಯ ಚೀಟಿ ಇದೆ. 2015ರಲ್ಲಿ ಶುರುವಾದ ಆ ಯೋಜನೆಯ ಚೀಟಿಯಲ್ಲಿ 12 ಅಂಶಗಳು ಇರುತ್ತವೆ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಅದರಲ್ಲಿವೆ. ಸೀಸ, ಕ್ಯಾಡ್ಮಿಯಂ ಇಲ್ಲ. ಚೀಟಿಯಲ್ಲಿ ಬರೆದಿಲ್ಲ ಅಂದ ಮಾತ್ರಕ್ಕೆ ಹೊಲದಲ್ಲಿ ಇಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ. ಅವನ್ನು ಬೇರೆಯಾಗಿ ಕೇಳಿಯೇ ಮಾಡಿಸಬೇಕು.

ಎಲೆ ಹಳದಿ ಆದರೆ ಅದು ಭಾರಲೋಹವೇ?

ಬಹುಪಾಲು ಅಲ್ಲ. ನಮ್ಮ ಎರೆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಸಾಮಾನ್ಯವಾಗಿ 7.5ರಿಂದ 8.5ರ ಆಸುಪಾಸು. ಸುಣ್ಣದ ಹರಳು ಬೇರೆ. ಇಂಥ ಮಣ್ಣಿನಲ್ಲಿ ಕಬ್ಬಿಣ ಮತ್ತು ಸತು ಇದ್ದರೂ ಗಿಡದ ಬಾಯಿಗೆ ಸಿಗುವುದಿಲ್ಲ. ಶೇಂಗಾದ ಎಳೆ ಎಲೆ ನರ ಮಾತ್ರ ಹಸಿರು ಉಳಿದು ಹಳದಿ ಆಗುವುದು ಕಬ್ಬಿಣದ ಕೊರತೆಯಿಂದ. ಗೋವಿನಜೋಳದ ಎಳೆ ಎಲೆಯಲ್ಲಿ ಬಿಳಿ ಪಟ್ಟಿ ಬರುವುದು ಸತುವಿನ ಕೊರತೆಯಿಂದ. ಪರೀಕ್ಷೆ ಸುಲಭ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಮತ್ತು ಒಂದು ಚಿಟಿಕೆ ನಿಂಬೆ ಉಪ್ಪು ಸೇರಿಸಿ ಒಂದೇ ಸಾಲಿಗೆ ಸಿಂಪಡಿಸಿ. ವಾರದಲ್ಲಿ ಆ ಸಾಲು ಹಸಿರಾದರೆ ಗಿಡಕ್ಕೆ ಕಬ್ಬಿಣ ಕಡಿಮೆ ಆಗಿತ್ತು ಅಂತ ತಿಳಿಯಿರಿ.

ಆದರೆ ಅಲ್ಲಿಗೇ ನಿಲ್ಲಬೇಡಿ. ತಾಮ್ರ, ಸತು, ನಿಕ್ಕೆಲ್ ಮಣ್ಣಿನಲ್ಲಿ ಅತಿಯಾದರೂ ಗಿಡದೊಳಗೆ ಕಬ್ಬಿಣದ ಕೊರತೆ ಹುಟ್ಟುತ್ತದೆ. ಆಗಲೂ ಸಿಂಪಡಣೆಗೆ ಎಲೆ ಹಸಿರಾಗುತ್ತದೆ. ಹಾಗಾಗಿ ಒಂದು ಗಿಡ ಕಿತ್ತು ಬೇರು ನೋಡಿ. ಬರೀ ಕೊರತೆ ಇರುವ ಗಿಡದ ಬೇರು ಬೆಳ್ಳಗೆ, ಉದ್ದಕ್ಕೆ, ಕವಲೊಡೆದು ಇರುತ್ತದೆ. ಲೋಹದ ಪೆಟ್ಟು ತಿಂದ ಬೇರು ಗಿಡ್ಡ, ತುದಿ ದಪ್ಪ ಮತ್ತು ಕಂದು. ಸಣ್ಣ ಕವಲುಗಳು ಇಲ್ಲದೆ ಮೊಂಡಾಗಿರುತ್ತದೆ. ವರ್ಷಗಟ್ಟಲೆ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣ ಹೊಡೆದ ದ್ರಾಕ್ಷಿ ಅಥವಾ ಎಲೆಬಳ್ಳಿಯ ತೋಟದ ಜಾಗದಲ್ಲಿ ತರಕಾರಿ ಹಾಕಿದವರು ಇದನ್ನು ಖಂಡಿತ ನೋಡಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಕ್ಯಾಡ್ಮಿಯಂ ವಿಷಯದಲ್ಲಿ ಗಿಡ ನಮಗೆ ಏನೂ ಹೇಳುವುದಿಲ್ಲ. ಮನುಷ್ಯನಿಗೆ ಕೆಟ್ಟದ್ದಾಗುವ ಮಟ್ಟದಲ್ಲಿ ಗಿಡಕ್ಕೆ ಏನೂ ಆಗುವುದಿಲ್ಲ. ಎಲೆ ದಟ್ಟ ಹಸಿರು, ಗಾತ್ರ ದೊಡ್ಡದು, ಸಂತೆಯಲ್ಲಿ ಮೊದಲು ಮಾರಾಟವಾಗುವ ಸೂಡು ಅದೇ. ಕಾಕಾನ ಪಾಲಕ ಹಾಗೇ ಇತ್ತು. ನಮ್ಮ ದೇಹದೊಳಗೆ ಮೂತ್ರಪಿಂಡ ಸೇರಿದ ಕ್ಯಾಡ್ಮಿಯಂ ಅರ್ಧ ಕಡಿಮೆಯಾಗಲು ಹತ್ತರಿಂದ ಮೂವತ್ತು ವರ್ಷ ಬೇಕು. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ನೀರು ಉಂಡ ಗದ್ದೆಯ ಅಕ್ಕಿ ತಿಂದವರ ಎಲುಬುಗಳೇ ಪುಡಿಯಾದವು. 1968ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಕ್ಯಾಡ್ಮಿಯಂ ಕಾರಣ ಅಂತ ಒಪ್ಪಿಕೊಂಡಿತು. ನಮ್ಮ ನಾಲಾ ದಂಡೆಯನ್ನು ಅದಕ್ಕೆ ಹೋಲಿಸುತ್ತಿಲ್ಲ. ಬೆಳೆ ಚೆನ್ನಾಗಿ ಕಾಣುವುದು ಸಾಕ್ಷಿ ಅಲ್ಲ ಅನ್ನುವುದಕ್ಕೆ ಹೇಳಿದೆ.

ಮೇಲಿನಿಂದ ಬಂತೋ, ಕೆಳಗಿನಿಂದ ಬಂತೋ

ದೋಷವನ್ನು ಎರಡಾಗಿ ಒಡೆಯುವ ಪರೀಕ್ಷೆ ಇದು. ಒಂದೇ ಮಡಿಯಿಂದ ಸೊಪ್ಪು ಕೊಯ್ದು ಎರಡು ಪಾಲು ಮಾಡಿ. ಒಂದನ್ನು ಹಾಗೇ ಚೀಲಕ್ಕೆ ಹಾಕಿ. ಇನ್ನೊಂದನ್ನು ಕುಡಿಯುವ ನೀರಿನಲ್ಲಿ ಮೂರು ಸಲ, ಕೊನೆಗೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಒಂದು ಸಲ ತೊಳೆದು ಚೀಲಕ್ಕೆ ಹಾಕಿ. ಎರಡನ್ನೂ ಒಂದೇ ದಿನ ಒಂದೇ ಪ್ರಯೋಗಾಲಯಕ್ಕೆ ಕೊಡಿ.

ತೊಳೆದ ಪಾಲಿನಲ್ಲಿ ಲೋಹ ಅರ್ಧಕ್ಕಿಂತ ಕೆಳಗೆ ಇಳಿದರೆ, ಹೆಚ್ಚಿನದು ಧೂಳು ಅಥವಾ ಸಿಡಿದ ಮಣ್ಣಿನಿಂದ ಬಂದದ್ದು. ಇಳಿಯದೇ ಇದ್ದರೆ ಅದು ಬೇರಿನ ದಾರಿಯಿಂದ ಒಳಗೆ ಹೋಗಿದೆ. ಎಲೆಗೆ ಮಣ್ಣು ಅಂಟಿದೆಯೋ ಇಲ್ಲವೋ ಅಂತ ಖಚಿತ ಮಾಡಿಕೊಳ್ಳಲು ಟೈಟಾನಿಯಂ ಕೂಡ ಅಳೆಸಬಹುದು. ಗಿಡ ಅದನ್ನು ಬೇರಿನಿಂದ ಹೀರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಲೆಯಲ್ಲಿ ಟೈಟಾನಿಯಂ ಜಾಸ್ತಿ ಇದೆ ಅಂದರೆ ಎಲೆಯ ಮೇಲೆ ಮಣ್ಣಿದೆ ಅಂತಲೇ ಅರ್ಥ.

ನಮ್ಮ ಎರಡು ಪಾಲಿನ ವರದಿ ಬಂದಾಗ ದಾರಿ ತೆರೆಯಿತು. ಸೀಸ ಧಡಕ್ಕನೆ ಇಳಿದಿತ್ತು. ಕ್ಯಾಡ್ಮಿಯಂ ಇದ್ದಲ್ಲೇ ಇತ್ತು.

ಸೀಸ ಹೀಗೆ ನಡೆದುಕೊಳ್ಳುವುದಕ್ಕೆ ಕಾರಣ ಇದೆ. ಅದು ಬೇರಿನ ಹೊರಗೋಡೆಗೇ ಅಂಟಿಕೊಳ್ಳುತ್ತದೆ. ಬೇರಿನ ನಡುವೆ ನೀರಿನ ಕೊಳವೆಗಳ ಸುತ್ತ ಮೇಣದಂಥ ಪಟ್ಟಿಯೊಂದು ಇದೆ. ಮನೆಗೆ ಬಾಗಿಲ ಚೌಕಟ್ಟು ಇದ್ದ ಹಾಗೆ. ಅದನ್ನು ದಾಟಿ ಮೇಲೆ ಹೋಗುವ ಸೀಸ ಬಹಳ ಕಡಿಮೆ. ಆದ್ದರಿಂದ ಎಲೆಯಲ್ಲಿ ಸೀಸ ಜಾಸ್ತಿ ಕಂಡರೆ ಮೊದಲ ಅನುಮಾನ ಹೊರಗಿನದ್ದರ ಮೇಲೆ ಇರಲಿ. ಕ್ರೋಮಿಯಂ ಕೂಡ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ.

ಹಾಗಾದರೆ ನಮ್ಮ ಹೊಲಕ್ಕೆ ಸೀಸ ಎಲ್ಲಿಂದ ಬಂತು? ಕಾರಣ ಹತ್ತಿರದಲ್ಲೇ ಇತ್ತು. ಬೆಳಿಗ್ಗೆ ನಾಲ್ಕಕ್ಕೆ ಸೊಪ್ಪು ಕಿತ್ತು, ಸೂಡು ಕಟ್ಟಿ, ಮಾರುಕಟ್ಟೆಗೆ ಹೋಗುವ ಮುಂಚೆ ತಾಜಾ ಕಾಣಲಿ ಅಂತ ನಾಲಾ ನೀರಿನಲ್ಲಿ ಅದ್ದಿ ಅಲುಗಿಸುತ್ತಿದ್ದರು. ಬೇರಿನ ಮಣ್ಣು ಹೋಗುತ್ತಿತ್ತು, ನಾಲಾದ ಸಣ್ಣ ಕೆಸರು ಎಲೆಯ ಮಡಿಕೆಯಲ್ಲಿ ಕೂರುತ್ತಿತ್ತು. ಹೊಲದ ಮಗ್ಗುಲಲ್ಲೇ ಹೆದ್ದಾರಿ ಬೇರೆ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಅಲ್ಲಿಯವರೆಗೆ ರಸ್ತೆ ಬದಿಗೆ ಬಿದ್ದ ಸೀಸ ಎಲ್ಲಿಗೂ ಹೋಗಿಲ್ಲ, ಮೇಲ್ಮಣ್ಣಿನಲ್ಲೇ ಇದೆ. ಗಾಳಿಗೆ ಅದು ಧೂಳಾಗಿ ಏಳುತ್ತದೆ.

ಇದಕ್ಕೆ ಪರಿಹಾರ ಸರಳ. ಕಾಕಾ ಬೋರ್‌ವೆಲ್ ನೀರಿನ ತೊಟ್ಟಿ ಕಟ್ಟಿಸಿ ಅದರಲ್ಲೇ ಸೊಪ್ಪು ತೊಳೆಯಲು ಶುರು ಮಾಡಿದರು. ಸಾಲುಗಳ ನಡುವೆ ಜೋಳದ ಕಣಿಕೆ ಹಾಸಿದರು. ಮಳೆ ಹನಿ ಮಣ್ಣು ಸಿಡಿಸುವುದು ನಿಂತಿತು. ಬೇರು ಸಮೇತ ಕೀಳುವುದನ್ನು ಬಿಟ್ಟು ನೆಲದಿಂದ ಎರಡು ಇಂಚು ಮೇಲೆ ಕೊಯ್ಯುತ್ತಾರೆ. ರಸ್ತೆ ಕಡೆ ಬದುವಿಗೆ ಒತ್ತಾಗಿ ಗಿಡ ಹಚ್ಚಿದ್ದಾರೆ. ಮುಂದಿನ ವರದಿಯಲ್ಲೇ ಸೀಸ ಮಿತಿಯ ಒಳಗೆ ಬಂತು.

ಕ್ಯಾಡ್ಮಿಯಂ: ಬೇರಿನ ಸುತ್ತ ಏನು ನಡೆಯುತ್ತದೆ

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮಣ್ಣಿನ ವರದಿ ಸಾಮಾನ್ಯ ಅಂತ ಬಂದಿದ್ದರೂ ಎಲೆಯಲ್ಲಿ ಲೋಹ ಇದ್ದ ಗುಟ್ಟು ಇಲ್ಲೇ ಇದೆ.

ಪ್ರಯೋಗಾಲಯ ಮಣ್ಣನ್ನು ತೀಕ್ಷ್ಣ ಆಮ್ಲದಲ್ಲಿ ಕುದಿಸಿ ಒಟ್ಟು ಲೋಹ ಎಷ್ಟಿದೆ ಅಂತ ಹೇಳುತ್ತದೆ. ಗಿಡ ಹಾಗೆ ಕುದಿಸುವುದಿಲ್ಲ. ಬೇರಿಗೆ ಸಿಗುವುದು ಒಟ್ಟು ಲೋಹದ ಒಂದು ಸಣ್ಣ ಪಾಲು. ಆ ಪಾಲು ಎಷ್ಟು ಅನ್ನುವುದು ಬೇರಿನ ಸುತ್ತ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿ ತೀರ್ಮಾನ ಆಗುತ್ತದೆ. ಧಾರವಾಡ ಶಿಲಾವಲಯದ ಹಳೆಯ ಜ್ವಾಲಾಮುಖಿ ಬಂಡೆಗಳಿಂದ ಆದ ಮಣ್ಣನ್ನೇ ನೋಡಿ. ಕ್ರೋಮಿಯಂ, ನಿಕ್ಕೆಲ್ ಅಲ್ಲಿ ಸ್ವಭಾವತಃ ಜಾಸ್ತಿ. ಒಟ್ಟು ಅಂಕಿ ನೋಡಿದರೆ ಭಯ ಆಗುತ್ತದೆ. ಆದರೆ ಖನಿಜದ ಒಳಗೆ ಸಿಕ್ಕಿಕೊಂಡ ಲೋಹ ಅದು. ಬೇರಿಗೆ ಎಟುಕುವುದಿಲ್ಲ. ನಾಲಾ ನೀರಿನಲ್ಲಿ ಬಂದ ಕ್ಯಾಡ್ಮಿಯಂ ಅಂಕಿಯಲ್ಲಿ ಚಿಕ್ಕದು, ಆದರೆ ಜೇಡಿಯ ಮೇಲ್ಮೈಗೆ ಸಡಿಲವಾಗಿ ಅಂಟಿರುತ್ತದೆ. ಬೇರು ಕೈ ಚಾಚಿದರೆ ಸಿಗುತ್ತದೆ.

ಬೇರು ಹೇಗೆ ಕೈ ಚಾಚುತ್ತದೆ? ಚಳಿಗಾಲದಲ್ಲಿ ನಮ್ಮ ಕಡೆ ಕಡಲೆ ಹೊಲದಲ್ಲಿ ಬಿಳಿ ಬಟ್ಟೆ ಹಾಸಿ, ಇಬ್ಬನಿ ಜೊತೆ ಹುಳಿ ಹೀರಿಸಿ, ಹಿಂಡಿ ಬಾಟಲಿಗೆ ತುಂಬಿಡುತ್ತಿದ್ದದ್ದು ನೆನಪಿದೆ ಅಲ್ವಾ? ಅಜೀರ್ಣಕ್ಕೆ ಕೊಡುತ್ತಿದ್ದರು. ಕಡಲೆ ಗಿಡ ಎಲೆಯಿಂದ ಸುರಿಸುವ ಆ ಹುಳಿಯಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಇವೆ. ಅದೇ ಥರದ ಕೆಲಸ ಮಣ್ಣಿನೊಳಗೆ ಬೇರೂ ಮಾಡುತ್ತದೆ. ಸಿಟ್ರಿಕ್, ಮ್ಯಾಲಿಕ್ ಮುಂತಾದ ಆಮ್ಲಗಳನ್ನು ಒಸರಿಸಿ, ಮಣ್ಣಿಗೆ ಅಂಟಿದ ರಂಜಕ, ಕಬ್ಬಿಣವನ್ನು ಬಿಡಿಸಿಕೊಳ್ಳುತ್ತದೆ. ತೊಗರಿ ಬೇರು ಪಿಸಿಡಿಕ್ ಆಮ್ಲದಿಂದ ಕಬ್ಬಿಣಕ್ಕೆ ಅಂಟಿದ ರಂಜಕವನ್ನು ಬಿಡಿಸುತ್ತದೆ ಅಂತ ಹೈದರಾಬಾದಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಕಂಡುಕೊಂಡಿದ್ದರು. ಗೋಧಿ, ಗೋವಿನಜೋಳದಂಥ ಹುಲ್ಲಿನ ಜಾತಿಯವು ಕಬ್ಬಿಣ ಸಾಲದಾಗ ಬೇರೆಯೇ ಒಂದು ಇಕ್ಕಳದಂಥ ಅಣುವನ್ನು ಹೊರಗೆ ಬಿಟ್ಟು ಕಬ್ಬಿಣವನ್ನು ಹಿಡಿದು ತರುತ್ತವೆ. ಇಕ್ಕಳಕ್ಕೆ ಕಣ್ಣಿಲ್ಲ. ಕಬ್ಬಿಣದ ಜೊತೆ ತಾಮ್ರ, ಸತುವನ್ನೂ ಎಳೆದು ತರುತ್ತದೆ.

ಬೇರಿನ ಬಾಗಿಲಲ್ಲೂ ಅದೇ ತಪ್ಪು ಗುರುತು. ಕ್ಯಾಡ್ಮಿಯಂಗೆ ಅಂತ ಗಿಡದಲ್ಲಿ ಪ್ರತ್ಯೇಕ ಬಾಗಿಲು ಇಲ್ಲ. ಸತು, ಕಬ್ಬಿಣ, ಮ್ಯಾಂಗನೀಸ್ ಬರುವ ಬಾಗಿಲಲ್ಲೇ ನುಸುಳುತ್ತದೆ. ಗಿಡಕ್ಕೆ ಸತು ಅಥವಾ ಕಬ್ಬಿಣದ ಹಸಿವು ಇದ್ದಾಗ ಬಾಗಿಲು ಅಗಲ ತೆರೆಯುತ್ತದೆ, ಕ್ಯಾಡ್ಮಿಯಂ ಕೂಡ ಜಾಸ್ತಿ ಒಳಗೆ ಬರುತ್ತದೆ. ಆರ್ಸೆನಿಕ್ ಇದೇ ಥರ ರಂಜಕದ ಬಾಗಿಲಲ್ಲಿ ಬರುತ್ತದೆ.

ಗೊಬ್ಬರದ ಪಾತ್ರವೂ ಇದೆ. ಬೇರು ಅಮೋನಿಯಂ ರೂಪದ ಸಾರಜನಕ ತೆಗೆದುಕೊಂಡರೆ ಪಕ್ಕದ ಮಣ್ಣು ಹುಳಿಯಾಗುತ್ತದೆ. ನೈಟ್ರೇಟ್ ತೆಗೆದುಕೊಂಡರೆ ಸವಳಿನ ಕಡೆ ತಿರುಗುತ್ತದೆ. ಹುಳಿಯಾದಷ್ಟೂ ಕ್ಯಾಡ್ಮಿಯಂ ಸಡಿಲ. ಆದರೆ ಎರೆ ಮಣ್ಣಿನ ಸುಣ್ಣ ಈ ಹುಳಿಯನ್ನು ಬೇಗ ತಿಂದು ಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಹುಳಿಯ ದಾರಿ ದುರ್ಬಲ. ಅಳ್ನಾವರ, ಕಲಘಟಗಿ ಕಡೆಯ ಕೆಂಪು ಹುಳಿ ಮಣ್ಣಿನಲ್ಲಿ ಅದೇ ದಾರಿ ಜೋರು.

ಎರೆಯಲ್ಲಿ ಇನ್ನೊಂದು ದಾರಿ ಇದೆ. ನಮ್ಮ ಹೊಲದ ದೋಷ ಅಲ್ಲೇ ಇತ್ತು.

ಬೇರಿನ ಮಣ್ಣು ಬೇರೆ, ಸಾಲಿನ ಮಣ್ಣು ಬೇರೆ ತೆಗೆಯಿರಿ

ಗಿಡವನ್ನು ಸುತ್ತಲಿನ ಹೆಂಟೆ ಸಮೇತ ಅಗೆದು ತೆಗೆಯಿರಿ. ಮೆಲ್ಲಗೆ ಅಲುಗಿಸಿ ಸಡಿಲ ಮಣ್ಣು ಬೀಳಿಸಿ. ಬೇರಿಗೆ ಅಂಟಿಕೊಂಡೇ ಉಳಿದ ಮಣ್ಣನ್ನು ಮೆತ್ತನೆಯ ಬ್ರಷ್‌ನಿಂದ ಉದುರಿಸಿ ಬೇರೆ ಚೀಲಕ್ಕೆ ಹಾಕಿ. ಹದಿನೈದು ಇಪ್ಪತ್ತು ಗಿಡದ ಮಣ್ಣು ಸೇರಿದರೆ ಪರೀಕ್ಷೆಗೆ ಸಾಕಾಗುತ್ತದೆ. ಸಾಲಿನ ನಡುವಿನ ಮಣ್ಣನ್ನು ಮೇಲಿನ 15 ಸೆಂ.ಮೀ. ಆಳದಿಂದ ಇನ್ನೊಂದು ಚೀಲಕ್ಕೆ ತೆಗೆಯಿರಿ. ತಗಡಿನ ಬಕೆಟ್ ಬಳಸಬೇಡಿ. ಅದಕ್ಕೆ ಸತುವಿನ ಲೇಪನ ಇರುತ್ತದೆ. ನಮ್ಮ ಮೊದಲ ಮಾದರಿಯ ಸತು ಅಂಕಿ ಕೆಟ್ಟದ್ದು ಹೀಗೆ, ಮತ್ತೆ ದುಡ್ಡು ಕೊಟ್ಟು ಮಾಡಿಸಬೇಕಾಯಿತು. ಪ್ಲಾಸ್ಟಿಕ್ ಬಕೆಟ್, ಕಟ್ಟಿಗೆಯ ಸೌಟು ಒಳ್ಳೆಯದು.

ಎರಡಕ್ಕೂ ಡಿಟಿಪಿಎ ವಿಧಾನದ ಪರೀಕ್ಷೆ ಮತ್ತು ಪಿಎಚ್ ಕೇಳಿ. ಡಿಟಿಪಿಎ ಅಂದರೆ ಬೇರಿನ ಇಕ್ಕಳದ ಹಾಗೆ ಲೋಹ ಹಿಡಿಯುವ ಒಂದು ದ್ರಾವಣ. ಗಿಡಕ್ಕೆ ಸಿಗುವ ಪಾಲು ಎಷ್ಟು ಅಂತ ಸುಮಾರಾಗಿ ಹೇಳುತ್ತದೆ. ಅದರಲ್ಲಿ ಸತು 0.6 ಪಿಪಿಎಂಗಿಂತ (ಪಿಪಿಎಂ ಅಂದರೆ ಕೆಜಿಗೆ ಮಿಲಿಗ್ರಾಂ), ಕಬ್ಬಿಣ 4.5 ಪಿಪಿಎಂಗಿಂತ ಕೆಳಗಿದ್ದರೆ ಕೊರತೆ. ಜೊತೆಗೆ ನೀರಿನ ಉಪ್ಪಿನಂಶ ಮತ್ತು ಕ್ಲೋರೈಡ್ ಅಳೆಸಿ. ಇದನ್ನು ಬಹಳ ಜನ ಮರೆಯುತ್ತಾರೆ.

ಅಂಕಿಗಳನ್ನು ಓದುವುದು ಹೀಗೆ. ಬೇರಿನ ಮಣ್ಣಿನ ಪಿಎಚ್ ಸಾಲಿನ ಮಣ್ಣಿಗಿಂತ ಅರ್ಧ ಅಥವಾ ಅದಕ್ಕೂ ಹೆಚ್ಚು ಕಡಿಮೆ ಇದ್ದು, ಸಿಗುವ ಕ್ಯಾಡ್ಮಿಯಂ ಅಲ್ಲಿ ಜಾಸ್ತಿ ಇದ್ದರೆ ದೋಷ ಹುಳಿಯದ್ದು. ಅಮೋನಿಯಂ ಗೊಬ್ಬರ ಕಡಿಮೆ ಮಾಡಿ. ಮಣ್ಣು ಹುಳಿ ಇದ್ದರೆ ಸುಣ್ಣ ಕೊಡಿ. ಪಿಎಚ್ ಒಂದೇ ಇದ್ದು ಸತು ಕೆಳಗಿದ್ದರೆ ದೋಷ ಸತುವಿನ ಹಸಿವಿನದ್ದು. ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಕೊಟ್ಟರೆ ಸತು ಬಾಗಿಲಲ್ಲಿ ಸಾಲು ನಿಂತು ಕ್ಯಾಡ್ಮಿಯಂಗೆ ಜಾಗ ಬಿಡುವುದಿಲ್ಲ. ಮಳೆಯಾಶ್ರಿತ ಗೋಧಿ, ಶೇಂಗಾ ಹೊಲಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಪಿಎಚ್, ಸತು ಎರಡೂ ಸರಿ ಇದ್ದು ನೀರಿನಲ್ಲಿ ಕ್ಲೋರೈಡ್ ಜಾಸ್ತಿ ಇದ್ದರೆ ದೋಷ ಉಪ್ಪಿನದ್ದು.

ಕಾಕಾನ ಹೊಲದಲ್ಲಿ ಸತು ಬೇಕಾದಷ್ಟು ಇತ್ತು. ನಾಲಾ ನೀರೇ ತಂದು ಹಾಕಿತ್ತು. ಪಿಎಚ್ ಎರಡೂ ಕಡೆ 8ರ ಹತ್ತಿರ. ಕ್ಲೋರೈಡ್ ಮಾತ್ರ ಜೋರು. ಮೇಲಿಂದ ಕಾಕಾ ಪ್ರತಿ ಕೊಯ್ಲಿಗೂ ಕೆಂಪು ಪೊಟ್ಯಾಷ್ ಹಾಕುತ್ತಿದ್ದರು. ಅದು ಪೊಟ್ಯಾಷಿಯಂ ಕ್ಲೋರೈಡ್.

ಕ್ಲೋರೈಡ್ ಮಾಡುವ ಕೆಲಸ ಸೂಕ್ಷ್ಮ. ಕ್ಯಾಡ್ಮಿಯಂಗೆ ಧನ ವಿದ್ಯುತ್ ಇದೆ, ಜೇಡಿಗೆ ಋಣ ವಿದ್ಯುತ್ ಇದೆ. ಹಾಗಾಗಿ ಎರಡೂ ಅಂಟಿಕೊಂಡು ಇರುತ್ತವೆ. ಎರೆ ಮಣ್ಣಿಗೆ ಈ ಹಿಡಿತ ತುಂಬ ಬಲ. ಕ್ಲೋರೈಡ್ ಬಂದು ಕ್ಯಾಡ್ಮಿಯಂ ಜೊತೆ ಜೋಡಿಯಾದರೆ ಆ ಧನ ವಿದ್ಯುತ್ ಕಡಿಮೆಯಾಗುತ್ತದೆ. ಜೇಡಿ ಕೈ ಬಿಡುತ್ತದೆ. ಲೋಹ ನೀರಿನಲ್ಲಿ ತೇಲಿ ಬೇರಿನ ಬಾಗಿಲಿಗೇ ಬಂದು ನಿಲ್ಲುತ್ತದೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಆಲೂಗಡ್ಡೆ ಹೊಲಗಳಲ್ಲಿ ಇದನ್ನೇ ಕಂಡಿದ್ದರು. ಗಡ್ಡೆಯ ಕ್ಯಾಡ್ಮಿಯಂ ಮಣ್ಣಿನ ಒಟ್ಟು ಕ್ಯಾಡ್ಮಿಯಂ ಜೊತೆ ಹೊಂದುವುದಕ್ಕಿಂತ ಮಣ್ಣಿನ ಕ್ಲೋರೈಡ್ ಜೊತೆ ಹೆಚ್ಚು ಹೊಂದಿತ್ತು.

ಸರಿಪಡಿಸಲು ಏನು ಮಾಡಿದೆವು

ಕೆಂಪು ಪೊಟ್ಯಾಷ್ ಬಿಟ್ಟು ಸಲ್ಫೇಟ್ ರೂಪದ ಪೊಟ್ಯಾಷ್‌ಗೆ ಬಂದೆವು. ದುಬಾರಿ, ನಿಜ. ಆದರೆ ಸೊಪ್ಪಿನ ಮಡಿಗಳಿಗೆ ಬೇಕಾಗುವುದು ಕಡಿಮೆ. ಕೃಷಿ ಹೊಂಡದ ಮಳೆ ನೀರನ್ನು ಸೊಪ್ಪಿಗೇ ಮೀಸಲಿಟ್ಟೆವು. ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ ಜಾಸ್ತಿ ಹಾಕಿದೆವು. ಕೊಳೆತದ್ದು ಅನ್ನುವ ಮಾತಿಗೆ ಒತ್ತು ಕೊಡುತ್ತೇನೆ. ಅರ್ಧ ಕೊಳೆತ ಗೊಬ್ಬರದಿಂದ ಕರಗುವ ಸಾವಯವ ರಸ ಹೊರಬಂದು ತಾಮ್ರ, ಸೀಸವನ್ನು ಇನ್ನೂ ಸಡಿಲ ಮಾಡುತ್ತದೆ. ಪೇಟೆಯ ಕಸದ ಗೊಬ್ಬರ ತರುವವರು ಪರೀಕ್ಷಾ ವರದಿ ಕೇಳಿ ತನ್ನಿ. ನಗರ ಕಾಂಪೋಸ್ಟ್‌ಗೆ ರಸಗೊಬ್ಬರ ನಿಯಂತ್ರಣ ಆದೇಶದ ಮಿತಿ ಕೆಜಿಗೆ ಸೀಸ 100, ಕ್ಯಾಡ್ಮಿಯಂ 5 ಮಿಲಿಗ್ರಾಂ.

ಸುಣ್ಣ ಹಾಕಲಿಲ್ಲ. ಹಾಕಿ ಅಂತ ಅಂಗಡಿಯಲ್ಲಿ ಒಬ್ಬರು ಹೇಳಿದ್ದರು. ಆದರೆ ಪಿಎಚ್ 8 ಇರುವ ಎರೆಗೆ ಸುಣ್ಣ ಹಾಕಿ ಸಿಗುವುದು ಏನೂ ಇಲ್ಲ, ಸತು ಕಬ್ಬಿಣದ ಕೊರತೆ ಮಾತ್ರ ಹೆಚ್ಚುತ್ತದೆ. ಬೇರಿನ ಗೆಳೆಯ ಶಿಲೀಂಧ್ರ ಮೈಕೊರೈಜಾ ಹಾಕಿ ಅಂತಲೂ ಹೇಳಿದರು. ಟೊಮೆಟೊ, ಉಳ್ಳಾಗಡ್ಡಿ, ಮೆಣಸಿನಕಾಯಿಗೆ ಅದು ಒಳ್ಳೆಯದು, ಅದರ ಎಳೆಗಳು ಲೋಹವನ್ನು ಹೊರಗೇ ಹಿಡಿದಿಡುತ್ತವೆ. ಆದರೆ ಪಾಲಕದ ಕುಟುಂಬ ಮತ್ತು ಸಾಸಿವೆ ಕುಟುಂಬದ ಬೇರುಗಳು ಆ ಶಿಲೀಂಧ್ರದ ಜೊತೆ ಕೂಡುವುದೇ ಇಲ್ಲ. ಪಾಲಕಕ್ಕೆ ಹಾಕಿದರೆ ದುಡ್ಡು ಮಣ್ಣುಪಾಲು.

ಇಷ್ಟಾದರೂ ಕ್ಯಾಡ್ಮಿಯಂ ಸೀಸದ ಹಾಗೆ ಇಳಿಯಲಿಲ್ಲ. ಇಳಿಯಿತು, ಆದರೆ ನಾಲಾಕ್ಕೆ ಹತ್ತಿರದ ಅರ್ಧ ಎಕರೆಯಲ್ಲಿ ಮಿತಿಯ ಮೇಲೇ ಉಳಿಯಿತು. ಅಲ್ಲಿಗೆ ಬೆಳೆ ಬದಲಿಸುವುದು ಒಂದೇ ದಾರಿ.

ಯಾವ ಬೆಳೆ? ಬೇರು ಹೀರಿದ ಕ್ಯಾಡ್ಮಿಯಂ ಎಲೆಗೆ ಸುಲಭವಾಗಿ ಹೋಗುತ್ತದೆ, ಕಾಯಿ ಮತ್ತು ಕಾಳಿಗೆ ಕಷ್ಟಪಟ್ಟು ಹೋಗುತ್ತದೆ. ಪಾಲಕ, ಲೆಟ್ಯೂಸ್ ಮುಂದಿನ ಸಾಲಿನವು. ಮೂಲಂಗಿ, ಗಜ್ಜರಿ, ಬೀಟ್‌ರೂಟ್‌ನಂಥ ಬೇರನ್ನೇ ತಿನ್ನುವ ಬೆಳೆ ಬೇಡ. ಟೊಮೆಟೊ, ಸೌತೆ, ಬೀನ್ಸ್, ಗೋವಿನಜೋಳದ ಕಾಳು ಪರವಾಗಿಲ್ಲ. ಬದನೆ ಕಾಯಿ ಕೊಡುವ ಬೆಳೆ ಆದರೂ ಟೊಮೆಟೊಗಿಂತ ಹೆಚ್ಚು ಕ್ಯಾಡ್ಮಿಯಂ ಮೇಲೆ ಕಳಿಸುತ್ತದೆ. ಕಾಡು ಸುಂಡೆ ಬೇರಿನ ಮೇಲೆ ಕಸಿ ಕಟ್ಟಿದ ಬದನೆಯಲ್ಲಿ ಅದು ಬಹಳ ಕಡಿಮೆ ಆಗುತ್ತದೆ ಅಂತ ಜಪಾನಿನಲ್ಲಿ ತೋರಿಸಿದ್ದಾರೆ. ಮೇಲಿನ ಗಿಡ ಅದೇ, ಬೇರು ಮಾತ್ರ ಬೇರೆ. ಲೋಹ ಎಷ್ಟು ಮೇಲೇರಬೇಕು ಅನ್ನುವುದು ಬೇರಿನ ಕೈಯಲ್ಲಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ನೋಡಿಲ್ಲ. ಶೇಂಗಾ, ಸೂರ್ಯಕಾಂತಿ ಬೀಜಕ್ಕೂ ಕ್ಯಾಡ್ಮಿಯಂ ತಕ್ಕಮಟ್ಟಿಗೆ ಇಳಿಯುತ್ತದೆ, ಅವನ್ನು ಇಂಥ ಜಾಗಕ್ಕೆ ತರಬೇಡಿ. ಮೇವಿನ ಹುಲ್ಲೂ ಬೇಡ. ಎಮ್ಮೆ ತಿಂದರೆ ಅದರ ಮೂತ್ರಪಿಂಡದಲ್ಲಿ ಕೂರುತ್ತದೆ.

ಭತ್ತದವರಿಗೆ ಒಂದು ಮಾತು. ಗದ್ದೆಯಲ್ಲಿ ನೀರು ನಿಂತಿದ್ದರೆ ಕ್ಯಾಡ್ಮಿಯಂ ಕಡಿಮೆ ಸಿಗುತ್ತದೆ, ಆರ್ಸೆನಿಕ್ ಜಾಸ್ತಿ ಸಿಗುತ್ತದೆ. ನೀರು ಬಸಿದರೆ ತಿರುಗುಮುರುಗು. ಯಾವ ಲೋಹ ಇದೆ ಅಂತ ತಿಳಿಯದೆ ನೀರಿನ ಪದ್ಧತಿ ಬದಲಿಸಬೇಡಿ.

ಸಾಸಿವೆ, ಸೂರ್ಯಕಾಂತಿ ಬೆಳೆದು ಲೋಹ ಹೀರಿಸಿ ಬಿಡಬಹುದಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ನಾನೂ ಇದನ್ನು ನಂಬಿದ್ದೆ. ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಮೇಲಿನ 20 ಸೆಂ.ಮೀ. ಮಣ್ಣು ಸುಮಾರು 1,000 ಟನ್ ತೂಗುತ್ತದೆ. ಅದರಲ್ಲಿ 1 ಪಿಪಿಎಂ ಕ್ಯಾಡ್ಮಿಯಂ ಹೆಚ್ಚಿದ್ದರೆ ಅದು 1 ಕೆಜಿ. ಒಂದು ಬೆಳೆ 4 ಟನ್ ಒಣ ಸೊಪ್ಪು ಸದೆ ಕೊಟ್ಟು, ಪ್ರತಿ ಕೆಜಿಯಲ್ಲಿ 5 ಮಿಲಿಗ್ರಾಂ ಕ್ಯಾಡ್ಮಿಯಂ ಹಿಡಿದರೂ ಹೊರಗೆ ಹೋಗುವುದು 20 ಗ್ರಾಂ. ವರ್ಷಕ್ಕೆ ಒಂದು ಬೆಳೆ ಅಂದರೆ ಐವತ್ತು ವರ್ಷ. ಅಷ್ಟರಲ್ಲಿ ನಾಲಾ ನೀರು ಹೊಸದನ್ನು ತಂದು ಹಾಕುತ್ತಲೇ ಇರುತ್ತದೆ. ಮೊದಲು ಬರುವ ದಾರಿ ಮುಚ್ಚದೆ ಹೀರಿಸಲು ಹೊರಟರೆ ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ.

ಬೇಗ ಆಗಲಿ ಅಂತ ಇಡಿಟಿಎ ರಾಸಾಯನಿಕ ಸುರಿಯುವ ಸಲಹೆಯೂ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಅದು ಲೋಹವನ್ನು ಸಡಿಲ ಮಾಡುತ್ತದೆ, ಆದರೆ ಗಿಡ ಹೀರುವ ಮುಂಚೆ ಮಳೆ ಬಂದರೆ ಎಲ್ಲವೂ ಬಾವಿಯ ಕಡೆ ಇಳಿಯುತ್ತದೆ. ಹೀರಿದ ಗಿಡವನ್ನು ತಿಪ್ಪೆಗೆ ಹಾಕಿದರೂ ತಿರುಗಿ ಅದೇ ಹೊಲಕ್ಕೆ ಬರುತ್ತದೆ.

ನಾಲಾ ಪಕ್ಕದ ಆ ಅರ್ಧ ಎಕರೆಯಲ್ಲಿ ಈಗ ಚೆಂಡು ಹೂವು ಇದೆ. ದಸರಾ, ದೀಪಾವಳಿಗೆ ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಗೆ ಹೋಗುತ್ತದೆ. ಹೂವು ಮುಗಿದ ಮೇಲೆ ಗಿಡವನ್ನು ಬೇರು ಸಮೇತ ಕಿತ್ತು ಬೇರೆ ಗುಂಡಿಗೆ ಹಾಕುತ್ತಾರೆ. ಉಳಿದ ಮಡಿಗಳ ಮೆಂತ್ಯೆ, ಕೊತ್ತಂಬರಿ ಮೂರು ಕೊಯ್ಲಿನಿಂದ ಮಿತಿಯ ಒಳಗಿವೆ. ಪಾಲಕದ ಒಂದು ಮಡಿ ಇನ್ನೂ ಗಡಿಯ ಮೇಲೇ ಇದೆ, ಅದನ್ನು ಕಾಕಾ ಮಾರುತ್ತಿಲ್ಲ. ಮುಂಗಾರು ಮಳೆ ಉಪ್ಪನ್ನು ತೊಳೆದ ಮೇಲೆ, ಅದೇ ಮಡಿಯ ಬೇರಿನ ಮಣ್ಣನ್ನು ಮತ್ತೆ ಚೀಲಕ್ಕೆ ತುಂಬುತ್ತೇವೆ.